ಬನ್ನಿ ಕೊಟ್ಟ ಮೇಲೆ

ಪೀಟಿ ಮಾಸ್ತರ ಎಂದರೆ ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಬಾಯಲ್ಲಿ ಬೈಗಳ ಎಂದು ನಂಬಿ ಬೆಳೆದವಳು ನಾನು. ನಾನು ಕಲಿತ ಸಾಲಿಯಲ್ಲಿ ಹಾಗೇ ಇದ್ದರು. ಆದ್ದರಿಂದ ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿಗೆ ಗಣಿತ ಕಲಿಸಲು ಹೋದ ಮೊದಲ ದಿನ, ಕಾಂಪೌಂಡ್ ಗೋಡೆಯ ಹತ್ತಿರ ಬಗ್ಗಿ ಗಾಜಿನ ಚೂರು ಆರಿಸುತ್ತಿದ್ದ ಮನುಷ್ಯನನ್ನು ಜವಾನ ಎಂದುಕೊಂಡೆ. "ಹೆಡ್‌ಮಾಸ್ತರ ರೂಮು ಎಲ್ಲೈತಪಾ?" ಎಂದು ಕೇಳಿಯೂ ಬಿಟ್ಟೆ. ಅವರು ಎದ್ದು ನಿಂತು, ಕಿಸೆಯಿಂದ ಒಂದು ಖಣದ ತುಂಡು ತೆಗೆದು ಕೈ ಒರೆಸಿಕೊಂಡು, "ಬರ್ರಿ ಅಕ್ಕೋರ, ತೋರಸ್ತೇನಿ" ಎಂದು ಮುಂದೆ ನಡೆದರು. ಹೆಂಗಸರ ಕುಪ್ಪಸದ ಬಟ್ಟೆಯಲ್ಲಿ ಗಂಡಸೊಬ್ಬ ಕೈ ಒರೆಸುವುದನ್ನು ನಾನು ನೋಡಿದ್ದು ಅದೇ ಮೊದಲು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ "ಇವರು ನಮ್ಮ ಪೀಟಿ ಮಾಸ್ತರು" ಎಂದು ಪರಿಚಯ ಮಾಡಿಕೊಟ್ಟಾಗ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಸರ, ತಪ್ಪಾತ್ರಿ" ಎಂದೆ. ಅವರು ನಕ್ಕು, "ಮುಂಜಾನಿ ಅಪಾ ಅಂದ್ರಿ, ಈಗ ಸರ ಅಂತೀರಿ. ಅಪಾ ಅನ್ನೂದ ಚಂದಿತ್ತ ನೋಡ್ರಿ" ಎಂದರು.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಸಾಲಿ ಗೊತ್ತಾಗುತ್ತದೆ, ಸಾಲಿ ಗೊತ್ತಾದರೆ ಒಬ್ಬ ಹುಡುಗ ಗೊತ್ತಾಗುತ್ತಾನೆ. ಅವನು ಈಗ ದುಡಿದು ತಿನ್ನುತ್ತಿದ್ದಾನೆ, ಅವನ ಪಾಡಿಗೆ ಅವನಿರಲಿ.

ನಮ್ಮ ಸಾಲಿಯ ಗೇಟಿನಿಂದ ಕೂಗಳತೆಯಲ್ಲಿ ಒಂದು ಡಬ್ಬಿ ಅಂಗಡಿ ಇತ್ತು. ಸಾಲಿಯ ಹತ್ತಿರ ಗುಟಖಾ, ಸಿಗರೇಟು ಮಾರಬಾರದೆಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆವು. ಅಂಗಡಿಯವನು ಆ ಬರಹಕ್ಕೇ ತನ್ನ ಸೈಕಲ್ ಒರಗಿಸುತ್ತಿದ್ದ. ಹೆಡ್‌ಮಾಸ್ತರು ಅರ್ಜಿ ಬರೆದರು. ಪಂಚಾಯಿತಿಯವರು ಬಂದರು, ಅದೇ ಅಂಗಡಿಯ ಎಲೆಅಡಿಕೆ ಹಾಕಿಕೊಂಡು ಹೋದರು. ಪೀಟಿ ಮಾಸ್ತರು ಮಾತ್ರ ಅರ್ಜಿ ಬರೆಯಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಬಿಡುವಿನ ಗಂಟೆ ಬಾರಿಸಿದ ಕೂಡಲೇ ಹೋಗಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತುಬಿಡುತ್ತಿದ್ದರು. ಸಾಲಿ ಬಿಟ್ಟಾಗಲೂ ಅಷ್ಟೇ. ಮಾಸ್ತರು ಕುಳಿತಿದ್ದಾರೆಂದರೆ ಯಾವ ಹುಡುಗ ಬಂದು ಗುಟಖಾ ಕೇಳುತ್ತಾನೆ? ಕೆಲವು ದಿನ ನೋಡಿ ಅಂಗಡಿಯವನು ಕೈಮುಗಿದ.

"ಸರ, ನೀವು ಹಿಂಗ ದಿನಾ ಬಂದು ಕುಂತ್ರ ನನ್ನ ಹೊಟ್ಟಿ ಹೆಂಗ ತುಂಬಬೇಕ್ರಿ?"

"ನಾ ಏನ ಮಾಡೇನೋ ತಮ್ಮಾ? ಬಿಸಲಾಗ ನಿಂದ್ರಾಕ ಆಗೂದಿಲ್ಲ, ನಿನ್ನ ನೆರಳಾಗ ಕುಂತೇನಿ."

"ನೆರಳು ನಿಮ್ಮ ಸಾಲ್ಯಾಗೂ ಐತೆಲ್ರೀ."

"ಐತಿ. ಮಾತಾಡಾಕ ಅಲ್ಲಿ ನೀ ಇಲ್ಲಲ್ಲ!"

ಅಂಗಡಿಯವನು ನಕ್ಕುಬಿಟ್ಟ. ನಕ್ಕ ಮೇಲೆ ಮನುಷ್ಯ ಅರ್ಧ ಸೋತಂತೆಯೇ. ಬರಬರುತ್ತ ಗುಟಖಾ ಮಾಲೆಗಳ ಜಾಗದಲ್ಲಿ ಪೆನ್ನು, ಶೇಂಗಾ ಚಿಕ್ಕಿ ತೂಗಿದವು. ಮರುವರ್ಷ ತನ್ನ ಮಗಳನ್ನು ನಮ್ಮ ಸಾಲಿಗೇ ಹಚ್ಚಿದ. "ಬೈದಿದ್ರ ಅಂವ ವೈರಿ ಆಗ್ತಿದ್ದ. ಈಗ ಪಗಾರ ಇಲ್ಲದ ಕಾವಲುಗಾರ ಆಗ್ಯಾನ" ಎಂದು ಮಾಸ್ತರು ಮೀಸೆಯಲ್ಲೇ ನಕ್ಕಿದ್ದರು.

ಅವರು ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಸಾಲಿಯ ಸುತ್ತ ಒಂದು ಸುತ್ತು ಹಾಕುವವರು. ಸಂಡಾಸಿನ ಹಿಂದೆ, ನೀರಿನ ಟಾಕಿಯ ಹಿಂದೆ, ಮುರಿದ ಬೆಂಚು ಒಟ್ಟಿದ ಕೋಣೆಯ ಹಿಂದೆ ಹೋಗಿ ಏನು ಬಿದ್ದಿದೆ ಎಂದು ನೋಡುವರು. ಒಂದು ದಿನ ಮೀಟಿಂಗಿನಲ್ಲಿ ಮೇಜಿನ ಮೇಲೆ ಪಂಕ್ಚರ್ ತಿದ್ದುವ ಸೊಲ್ಯೂಷನ್ನಿನ ಖಾಲಿ ಟ್ಯೂಬುಗಳನ್ನು ತಂದು ಸುರಿದರು. "ಮನ್ಯಾಗ ಸೈಕಲ್ಲ ಇಲ್ಲದ ಹುಡುಗ್ರಿಗೆ ಇದು ಯಾಕ ಬೇಕ್ರಿ?" ಎಂದು ಕೇಳಿದರು. ನಮಗೆ ತಕ್ಷಣ ಅರ್ಥವಾಗಲಿಲ್ಲ. ಅದರ ವಾಸನೆ ಎಳೆದು ಅಮಲೇರಿಸಿಕೊಳ್ಳುತ್ತಾರೆಂದು ಅವರೇ ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲೊಬ್ಬರು, "ಅಂಥಾವೆಲ್ಲಾ ಬೆಂಗಳೂರಾಗ ಇರತಾವ್ರಿ, ನಮ್ಮ ಹುಡುಗ್ರು ಹಂಗಲ್ಲ" ಎಂದರು. ಊರು ಸಣ್ಣದಾದರೆ ಪಾಪವೂ ಸಣ್ಣದೆಂದು ನಾವೆಲ್ಲ ನಂಬಿದ್ದ ಕಾಲ ಅದು. ಮಾಸ್ತರು ವಾದ ಮಾಡಲಿಲ್ಲ. ಟ್ಯೂಬುಗಳನ್ನು ಮತ್ತೆ ಕಾಗದದಲ್ಲಿ ಕಟ್ಟಿಕೊಂಡು ಹೊರಗೆ ಹೋದರು.

ಗುಳೇದಗುಡ್ಡದಲ್ಲಿ ಅವರ ಮನೆಯಲ್ಲಿ ತಾಯಿ ಖಣ ನೇಯುತ್ತಿದ್ದರಂತೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದವರು. ತರಗತಿಯಲ್ಲಿ ಗದ್ದಲವಾದರೆ ನಾನು ಸಿಡಿಮಿಡಿಗೊಳ್ಳುತ್ತಿದ್ದೆ. "ಗದ್ದಲ ಮಾಡೋ ಹುಡುಗ್ರಿಗೆ ಯಾಕ ಅಂಜತೀರಿ ಅಕ್ಕೋರ? ಮಗ್ಗ ಸದ್ದ ಮಾಡಾಕತ್ತೇತಿ ಅಂದ್ರ ಎಲ್ಲಾ ಬರೋಬ್ಬರಿ ನಡದೈತಿ ಅಂತ ಅರ್ಥ. ಸದ್ದ ನಿಂತಿತಂದ್ರ ಎಲ್ಲೋ ಎಳಿ ಹರದೈತಿ ಅಂತ ಎದ್ದು ನೋಡಬೇಕು" ಎನ್ನುತ್ತಿದ್ದರು. ಇಷ್ಟು ತಿಳಿದ ಮನುಷ್ಯ. ಅದನ್ನು ನೆನೆದಾಗಲೇ ನನಗೆ ಹೆಚ್ಚು ಸಂಕಟವಾಗುತ್ತದೆ.

ಇನ್ನು ಬನ್ನಿಯ ವಿಷಯಕ್ಕೆ ಬರಬೇಕು. ವಿಜಯದಶಮಿಯ ಸಂಜೆ ನಮ್ಮ ಕಡೆ ಊರಿಗೆ ಊರೇ ಬನ್ನಿ ಎಲೆ ಹಿಡಿದು ಬೀದಿಗಿಳಿಯುತ್ತದೆ. ಸಿಕ್ಕ ಸಿಕ್ಕವರ ಕೈಗೆ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತೇವೆ. ಹಿರಿಯರಾದರೆ ಕಾಲು ಮುಟ್ಟುತ್ತೇವೆ. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದ ಅಣ್ಣತಮ್ಮಂದಿರೂ ಅಂದು ಬನ್ನಿ ಕೊಟ್ಟು ಮಾತಾಡುವುದುಂಟು. ಜಾತಿಮತ ನೋಡದೆ ಎಲ್ಲರೂ ಕೊಡುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ. ಒಂದೇ ಕಟ್ಟು: ಬನ್ನಿ ಕೊಟ್ಟ ಮೇಲೆ ಹಳೆಯದನ್ನು ಎತ್ತಬಾರದು. ಎತ್ತಿದವನೇ ಸಣ್ಣವನಾಗುತ್ತಾನೆ.

ನಮ್ಮ ಸಾಲಿಯ ಆಟದ ಬಯಲಿನ ಮೂಲೆಯಲ್ಲಿ ಒಂದು ಬನ್ನಿ ಗಿಡವಿತ್ತು. ಮಾಸ್ತರು ಆ ಹಬ್ಬವನ್ನು ವರ್ಷದ ತುಂಬ ಮಾಡಿಬಿಟ್ಟಿದ್ದರು. ಯಾರೇ ಬಡಿದಾಡಲಿ, ಇಬ್ಬರನ್ನೂ ಗಿಡದ ಕೆಳಗೆ ಕರೆದೊಯ್ದು ಒಂದೊಂದು ಎಸಳು ಕೀಳಿಸಿ, ಬನ್ನಿ ಕೊಡಿಸಿ, ಬಂಗಾರದ ಮಾತು ಆಡಿಸಿ, "ಮುಗೀತು, ನಡೀರಿ" ಎನ್ನುವರು. ಊರಿನ ಹಿರಿಯರೊಬ್ಬರು ಬಂದು, "ಮಾಸ್ತರ, ಬನ್ನಿ ಮುಡಿಯೂದು ವರ್ಷಕ್ಕೊಮ್ಮೆ" ಎಂದು ಆಕ್ಷೇಪಿಸಿದ್ದರು. "ಖರೇರಿ. ಆದ್ರ ಈ ಹುಡುಗ್ರು ವರ್ಷಕ್ಕೊಮ್ಮೆ ಜಗಳಾಡವಲ್ರಲ್ಲ!" ಎಂದು ಇವರ ಉತ್ತರ. ಒಮ್ಮೆ ಟೈಮ್‌ಟೇಬಲ್ಲಿನ ಸಲುವಾಗಿ ನನಗೂ ಹೆಡ್‌ಮಾಸ್ತರಿಗೂ ಜೋರು ಮಾತಾದಾಗ ನಮ್ಮಿಬ್ಬರನ್ನೂ ಗಿಡದ ಕೆಳಗೆ ನಿಲ್ಲಿಸಿದ್ದರು. ಕಿಟಕಿಯಲ್ಲಿ ಇಡೀ ಸಾಲಿಯೇ ಇಣುಕುತ್ತಿತ್ತು. ಹೆಡ್‌ಮಾಸ್ತರು ಹಲ್ಲು ಕಚ್ಚಿಕೊಂಡು "ಬಂಗಾರದಂಗ ಇರೂಣ್ರಿ ಮೇಡಂ" ಎಂದದ್ದು ನೆನೆದರೆ ಈಗಲೂ ನಗು ಬರುತ್ತದೆ.

ಅದು ನಡೆಯುತ್ತಿತ್ತು ಕೂಡ. ಕಲ್ಲು ಹಿಡಿದು ನಿಂತ ಹುಡುಗರು ಎಲೆ ಹಿಡಿದು ನಗುತ್ತಿದ್ದರು. ಬೆತ್ತವಿಲ್ಲದೆ ಬಡಿದಾಟ ನಿಲ್ಲಿಸಿದ ಸಾಲಿ ಎಂದು ಬೇರೆ ಊರಿನ ಮಾಸ್ತರರು ನೋಡಲು ಬಂದರು. ಬಾಗಲಕೋಟೆಯಿಂದ ಬಂದ ಸಾಹೇಬರು ಭಾಷಣದಲ್ಲಿ ಹೊಗಳಿ ಹೋದರು. ಪೀಟಿ ಮಾಸ್ತರಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೆಮ್ಮೆ ಪಡುವ ಕೆಲಸವೇ ಆಗಿತ್ತಲ್ಲ.

ಆ ಹುಡುಗ ಆಗ ಒಂಬತ್ತನೆಯ ತರಗತಿ. ತೆಳ್ಳಗೆ, ಕರ್ರಗೆ, ಖೋ ಖೋ ಆಟದಲ್ಲಿ ಕಂಬ ಸುತ್ತಿದನೆಂದರೆ ಕೈಗೆ ಸಿಗುತ್ತಿರಲಿಲ್ಲ. ತಂದೆ ಲಾರಿಯ ಮೇಲೆ ಊರೂರು ತಿರುಗುವವನು, ತಾಯಿ ಇಳಕಲ್ಲಿನ ಅಂಗಡಿಯವರಿಗೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವವಳು. ಮನೆ ಊರಾಚೆ, ಗ್ರಾನೈಟ್ ಕಲ್ಲಿನ ಖಣಿ ದಾಟಿ ಹೋಗಬೇಕು. ಮಾಸ್ತರಿಗೆ ಅವನ ಮೇಲೆ ಜೀವ. ಜಿಲ್ಲಾ ಮಟ್ಟಕ್ಕೆ ಆಡಿಸಬೇಕೆಂದು ಸಂಜೆ ಸಂಜೆ ನಿಂತು ಕಲಿಸುತ್ತಿದ್ದರು.

ಒಂದು ಮಧ್ಯಾಹ್ನ ಅವನು ತುಟಿ ಒಡೆದುಕೊಂಡು, ಅಂಗಿಯ ಗುಂಡಿ ಹರಿದುಕೊಂಡು ಬಂದ. ಹೊಡೆದವರು ಹತ್ತನೆಯ ತರಗತಿಯ ಇಬ್ಬರು ದೊಡ್ಡ ಹುಡುಗರು. ಯಾಕೆಂದು ಕೇಳಿದರೆ, ಟೀಮಿನಲ್ಲಿ ಯಾರು ಮೊದಲು ಓಡಬೇಕೆಂಬ ಜಗಳ ಎಂದು ಆ ದೊಡ್ಡವರೇ ಹೇಳಿದರು. "ಹೌದೇನೋ?" ಎಂದು ಮಾಸ್ತರು ಕೇಳಿದ್ದಕ್ಕೆ ಇವನು ನೆಲ ನೋಡುತ್ತ ಹೂಂ ಎಂದ. ಮೂವರನ್ನೂ ಬನ್ನಿ ಗಿಡದ ಕಡೆ ಕರೆದೊಯ್ದರು. ವರಾಂಡದಲ್ಲಿದ್ದ ನಾನೂ ಇಳಿದು ಅವರ ಹಿಂದೆ ಹೋದೆ. ಗಿಡದ ಹತ್ತಿರ ಹೋದಾಗ ಹುಡುಗ ಮಾಸ್ತರ ಹತ್ತಿರ ಸರಿದು ಹೇಳಿದ್ದು ನನಗೂ ಕೇಳಿಸಿತು.

"ಸರ, ಇನ್ನೊಂದ ಮಾತೈತ್ರಿ."

ಮಾಸ್ತರು ಅವನ ಹೆಗಲ ಮೇಲೆ ಕೈಯಿಟ್ಟು, "ಮೊದಲ ಬನ್ನಿ ಕೊಡು ತಮ್ಮಾ. ಮಾತು ಆಮ್ಯಾಲ" ಎಂದರು.

ಹುಡುಗರು ಎಲೆ ಕೊಟ್ಟರು, ತೆಗೆದುಕೊಂಡರು, ಬಂಗಾರದ ಮಾತು ಆಡಿದರು. ಸುತ್ತ ನಿಂತವರೆಲ್ಲ ಚಪ್ಪಾಳೆ ಬಡಿದೆವು. "ಮುಗೀತಿಲ್ಲೋ? ಇನ್ನ ಹಳೇದು ಎತ್ತಬಾರದು, ತಿಳೀತಿಲ್ಲೋ?" ಎಂದು ಮಾಸ್ತರು ಮೂವರ ತಲೆಯನ್ನೂ ಸವರಿದರು. ಆಮೇಲೆ ನೆನಪು ಮಾಡಿಕೊಂಡು, "ಏನೋ ಅನ್ನಾವಿದ್ದೆಲ್ಲ, ಏನದು?" ಎಂದು ಕೇಳಿದರು. ಅವರು ಕೇಳಲಿಲ್ಲ ಎಂದು ಯಾರೂ ಹೇಳಬಾರದು, ಕೇಳಿದರು. ಹುಡುಗ ಕೈಯಲ್ಲಿದ್ದ ಎಲೆ ನೋಡಿದ, ಎಲೆ ಕೊಟ್ಟವರನ್ನು ನೋಡಿದ. "ಏನಿಲ್ರಿ ಸರ" ಎಂದ.

ನಡೆದದ್ದು ಬೇರೆ ಎಂದು ನಮಗೆ ಆಮೇಲೆ ಗೊತ್ತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನು ಕೊಡುತ್ತಿದ್ದ ಗಾಂಜಾ ಪೊಟ್ಟಣಗಳನ್ನು ಆ ದೊಡ್ಡ ಹುಡುಗರು ಸಾಲಿಯೊಳಗೆ ತರಬೇಕಾಗಿತ್ತು. ಅವರ ಚೀಲಗಳನ್ನು ಮಾಸ್ತರು ಆಗಾಗ ತೆಗೆದು ನೋಡುತ್ತಿದ್ದರು. ಖೋ ಖೋ ಆಡುವ ತಮ್ಮ ಪ್ರೀತಿಯ ಹುಡುಗನ ಚೀಲವನ್ನು ಎಂದೂ ಮುಟ್ಟುತ್ತಿರಲಿಲ್ಲ. ಅದನ್ನು ಕಂಡುಕೊಂಡ ಆ ದೊಡ್ಡ ಹುಡುಗರು, ನಿನ್ನ ಚೀಲದಲ್ಲಿ ತಾ ಎಂದು ಅವನಿಗೆ ಹೇಳಿದ್ದರು. ಒಲ್ಲೆ ಎಂದದ್ದಕ್ಕೆ ತುಟಿ ಒಡೆದಿತ್ತು. ಬನ್ನಿ ಕೊಟ್ಟ ಆ ಸಂಜೆಯೇ ಖಣಿಯ ದಾರಿಯಲ್ಲಿ ಕಾದು ನಿಂತು, ಕುತ್ತಿಗೆ ಹಿಡಿದು ಪೊಟ್ಟಣವನ್ನು ಅವನ ಚೀಲಕ್ಕೆ ತುರುಕಿದರು. ಅಂದಿನಿಂದ ಅವನು ತಂದ. ತರುತ್ತ ತರುತ್ತ ತಾನೂ ಸೇದುವುದನ್ನು ಕಲಿತ.

ಆಟಕ್ಕೆ ಬರುವುದು ಕಡಿಮೆಯಾಯಿತು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕುಳಿತ. ಸದ್ದೇ ಇಲ್ಲ. ಮಾಸ್ತರು ಒಂದೆರಡು ಸಲ ಕರೆದು ಬೈದರು, ವಯಸ್ಸೇ ಅಂಥದ್ದು ಎಂದುಕೊಂಡರು. ಮಗ್ಗದ ಸದ್ದು ನಿಂತರೆ ಎದ್ದು ನೋಡಬೇಕು ಎಂದವರು ಈ ಒಂದು ಮಗ್ಗದ ಬಳಿ ಏಳಲಿಲ್ಲ. ಯಾಕೆಂದರೆ ಅವರ ಲೆಕ್ಕದಲ್ಲಿ ಆ ಜಗಳ ಬನ್ನಿ ಗಿಡದ ಕೆಳಗೆ ಮುಗಿದುಹೋಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಹುಡುಗ ಆ ದೊಡ್ಡ ಹುಡುಗರಿಗೆ, ಇನ್ನು ನನ್ನ ಕೈಲಾಗುವುದಿಲ್ಲ ಎಂದು ಹೇಳಿದ. ಅದಕ್ಕೆ ಖಣಿಯ ಹತ್ತಿರ ಕಬ್ಬಿಣದ ಸಲಾಕೆಯಿಂದ ಬಡಿದರು. ಕಾಲಿನ ಎಲುಬು ಮುರಿಯಿತು. ಕಲ್ಲು ಸಾಗಿಸುವ ಲಾರಿಯವರು ನೋಡಿ ಎತ್ತಿಕೊಂಡು ಬಂದರು. ಬಾಗಲಕೋಟೆಯ ದವಾಖಾನೆಗೆ ನಾನೂ ಮಾಸ್ತರೂ ಹೋದೆವು. ತಾಯಿ ಮಂಚದ ಕೆಳಗೆ ಕುಳಿತಿದ್ದಳು. ಪೊಲೀಸರು ಎಲ್ಲ ಕೇಳಿಕೊಂಡು ಹೋಗಿದ್ದರು. ಬಸ್‌ಸ್ಟ್ಯಾಂಡಿನವನನ್ನು ಹಿಡಿದಿದ್ದರು, ಹೊಡೆದ ಹುಡುಗರನ್ನು ಬಾಲಮಂದಿರಕ್ಕೆ ಕಳಿಸುವ ಮಾತು ನಡೆದಿತ್ತು.

ಮಾಸ್ತರು ಮಂಚದ ಅಂಚಿಗೆ ಕುಳಿತು ಅವನ ಕೈ ಹಿಡಿದರು. "ಯಾಕೋ ನನ್ನಪ್ಪಾ, ಇಷ್ಟ ದಿನ ನನ್ನ ಮುಂದ ಒಂದ ಮಾತ ಹೇಳಬಾರದಾಗಿತ್ತೇನು?"

ಹುಡುಗ ಆಶ್ಚರ್ಯದಿಂದ ನೋಡಿದ. ಇದನ್ನು ಇವರು ಯಾಕೆ ಕೇಳುತ್ತಾರೆ ಎಂಬಂತಿತ್ತು ಆ ನೋಟ.

"ಬನ್ನಿ ಕೊಟ್ಟಿದ್ದೆ ಅಲ್ರೀ ಸರ. ಹಳೇದು ಎತ್ತಬಾರದು ಅಂತ ನೀವ ಹೇಳಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿದ್ದನ್ನು ಪಾಲಿಸಿದ ಹುಡುಗನ ದನಿ ಅದು. ಮಾಸ್ತರು ಹಿಡಿದ ಕೈ ಬಿಡಲಿಲ್ಲ. ಕತ್ತಲಾಗುತ್ತ ಬಂದಾಗ ತಾಯಿಯೇ, "ಮನೀಗೆ ಹೋಗ್ರಿ ಸರ, ಹೊತ್ತಾತು" ಎಂದಳು.

ಬಸ್ಸಿನಲ್ಲಿ ಬರುವಾಗ ನನಗೆ ತಡೆಯಲಾಗಲಿಲ್ಲ. "ನಿಮ್ಮೊಬ್ಬರದ ತಪ್ಪಲ್ರಿ ಸರ. ನಾವೆಲ್ಲಾರೂ ಅಲ್ಲೇ ನಿಂತು ಚಪ್ಪಾಳಿ ಬಡದೀವಿ" ಎಂದೆ.

"ಚಪ್ಪಾಳಿ ಬಡದವರ ಮುಂದ ಅಂವ ಇನ್ನೊಂದ ಮಾತೈತಿ ಅನ್ನಲಿಲ್ರಿ. ನನ್ನ ಮುಂದ ಅಂದ." ಕಿಟಕಿಯ ಕಡೆ ಮುಖ ಮಾಡಿದರು. ಕಮತಗಿ ದಾಟಿದ ಮೇಲೆ ಮತ್ತೆ ಹೇಳಿದರು: "ಜಗಳಾಡಿದವರಿಗೆ ಬನ್ನಿ ಕೊಡಸಬೇಕ್ರಿ. ಹೊಡದವಗ, ಹೊಡಿಸಿಕೊಂಡವಗ ಕೊಡಸಬಾರದು. ನಾ ಎಲ್ಲಾನೂ ಜಗಳ ಅಂತ ತಿಳದೆ."

ಇದಕ್ಕಿಂತ ಹೆಚ್ಚು ತಿಳಿವಳಿಕೆಯ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಆದರೆ ಆ ತಿಳಿವಳಿಕೆಗೆ ತೆತ್ತದ್ದು ಒಬ್ಬ ಹುಡುಗನ ಕಾಲು. ಅದನ್ನು ಅವರು ಒಂದು ದಿನವೂ ಮರೆಯಲಿಲ್ಲ.

ಮುಂದೆ ಆ ಗಿಡದ ಕೆಳಗೆ ಯಾರನ್ನೂ ನಿಲ್ಲಿಸಲಿಲ್ಲ. ಬಡಿದಾಟವಾದರೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೂಡಿಸಿಕೊಂಡು ಕೇಳುವರು. ಹೊಡೆದವನನ್ನೂ ಅಷ್ಟೇ ಸಾವಧಾನದಿಂದ ಕೇಳುವರು, ಅವನ ತಂದೆತಾಯಿಯನ್ನು ಕರೆಸುವರು. ಹೊಡಿಸಿಕೊಂಡವನನ್ನು ಅಂದು ಕೇಳುವರು, ವಾರ ಬಿಟ್ಟು ಕೇಳುವರು, ದಾರಿಯಲ್ಲಿ ಸಿಕ್ಕಾಗ ಕೇಳುವರು: "ಇನ್ನೊಂದ ಮಾತೈತೇನು?" ಹುಡುಗರಿಗೆ ಇದು ಚೇಷ್ಟೆಯಾಯಿತು. ಅವರು ಕಂಡ ಕೂಡಲೇ ಮರೆಯಲ್ಲಿ ನಿಂತು "ಇನ್ನೊಂದ ಮಾತೈತೇನು" ಎಂದು ಕೂಗಿ ಓಡುವರು. ಮೊದಲಾಗಿದ್ದರೆ ಹಿಂದೆ ಓಡಿ ಕಿವಿ ಹಿಂಡುತ್ತಿದ್ದ ಮನುಷ್ಯ ಸುಮ್ಮನೆ ನಿಂತುಬಿಡುತ್ತಿದ್ದರು.

ಆ ಮಾತಿನಿಂದಲೇ ಎಂಟನೆಯ ತರಗತಿಯ ಒಬ್ಬಳು ಬಾಯಿಬಿಟ್ಟಳು. ತಮ್ಮನ್ನು ಕರೆತರುವ ಆಟೋದ ಡ್ರೈವರನು ಹಿಂದೆ ಕುಳಿತ ಹುಡುಗರಿಗೆ ಏನೋ ಪುಡಿ ಕೊಡುತ್ತಾನೆ, ಹೇಳಿದರೆ ದಾರಿಯಲ್ಲೇ ಇಳಿಸುತ್ತೇನೆ ಎನ್ನುತ್ತಾನೆ ಎಂದು ಅಳುತ್ತ ಹೇಳಿದಳು. ಮಾಸ್ತರು ಅದೇ ದಿನ ಪಾಲಕರನ್ನು ಸೇರಿಸಿದರು, ಠಾಣೆಗೆ ಹೋದರು, ಬೇರೆ ಆಟೋ ಗೊತ್ತುಮಾಡಿದರು. ಕೆಲವು ದಿನ ತಾವೇ ಆ ಆಟೋದ ಹಿಂದೆ ಗಾಡಿಯ ಮೇಲೆ ಊರ ತನಕ ಹೋಗಿ ಬಂದರು. ನಾನು ಹುರುಪಿನಿಂದ, "ನೋಡ್ರಿ ಸರ, ಎಷ್ಟ ಮಂದಿ ಮಕ್ಕಳು ಉಳದ್ರು" ಎಂದೆ. "ಒಬ್ಬನ ಕಾಲು ಮುರದ ಮ್ಯಾಲ ಬುದ್ಧಿ ಬಂದ ಮಾಸ್ತರ ನಾ. ಶಾಬಾಸ್ ಅನಬ್ಯಾಡ್ರಿ" ಎಂದರು. ನನಗೆ ಸಿಟ್ಟು ಬಂತು. ತನ್ನನ್ನು ತಾನು ಇಷ್ಟು ಹಣಿದುಕೊಳ್ಳುವುದೂ ಒಂದು ಹಟವೇ ಎಂದು ಅಂದುಬಿಟ್ಟೆ.

ದಸರೆಯಲ್ಲಿ ಜನ ಬನ್ನಿ ಹಿಡಿದು ಮನೆಗೆ ಬಂದರೆ ಮಾಸ್ತರು ಎಲೆ ತೆಗೆದುಕೊಳ್ಳದೆ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಮಾಸ್ತರಿಗೆ ಸೊಕ್ಕು ಬಂದಿದೆ ಎಂದು ಕೆಲವರು ಆಡಿಕೊಂಡರು. ನಾನು ಒಮ್ಮೆ ಎಲೆ ಹಿಡಿದು ಹೋದೆ. "ನಿಮ್ಮ ಕೂಡ ನಂದೇನ ಜಗಳೈತ್ರಿ ಅಕ್ಕೋರ? ಒಳಗ ಬರ್ರಿ, ಹೋಳಿಗಿ ಉಣ್ರಿ" ಎಂದು ಮಾತು ತೇಲಿಸಿದರು. ಎಲೆಯನ್ನು ಅವರ ಹೆಂಡತಿ ಇಸಿದುಕೊಂಡು ದೇವರ ಮುಂದಿಟ್ಟರು.

ಹುಡುಗ ಮತ್ತೆ ಸಾಲಿಗೆ ಬರಲಿಲ್ಲ. ಚಟ ಬಿಡಿಸಲು ಮಾಸ್ತರೇ ಡಾಕ್ಟರರ ಹತ್ತಿರ ತಾಯಿಯನ್ನು ಕರೆದುಕೊಂಡು ಓಡಾಡಿದರು. ಅದು ಬಿಟ್ಟುಹೋಯಿತು, ಕಾಲಿನ ಕುಂಟು ಉಳಿಯಿತು. ಮಾಸ್ತರು ಅವನ ಮನೆಗೆ ಹೋಗುವುದನ್ನು ನಿವೃತ್ತಿಯಾದ ಮೇಲೂ ನಿಲ್ಲಿಸಲಿಲ್ಲ. ಗುಳೇದಗುಡ್ಡದಿಂದ ಬಸ್ಸು ಹಿಡಿದು ಬರುವರು. ತಾಯಿ ಚಹಾ ಕೊಡುವಳು, ಕುಚ್ಚು ಕಟ್ಟುತ್ತ ಮಾತಾಡುವಳು. ಹುಡುಗ ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. "ಮಲಗ್ಯಾನ್ರಿ ಸರ" ಎನ್ನುವಳು. ಮಲಗಿಲ್ಲವೆಂದು ಇಬ್ಬರಿಗೂ ಗೊತ್ತು. ಒಮ್ಮೆ ನನ್ನ ಮುಂದೆ ಹೇಳಿದ್ದರು: "ಅಂವ ನನ್ನ ಕ್ಷಮಾ ಮಾಡೂದು ಬ್ಯಾಡ್ರಿ. ಬೇಕಾದ್ರ ಬೈಲಿ. ಅವತ್ತ ಏನ ಹೇಳಾವಿದ್ದ, ಅದನ್ನೊಂದ ಹೇಳಲಿ. ಕೇಳೂದು ನನ್ನ ಕೆಲಸಿತ್ತು, ಅದು ಹಂಗ ಉಳದೈತಿ."

ಈಗ ಸಾಲಿ ಸಾಲಿಗೂ ಮಕ್ಕಳ ಸುರಕ್ಷತೆಯ ಸಮಿತಿ ಇದೆ, ಬಾಗಿಲ ಹತ್ತಿರ ದೂರು ಹಾಕುವ ಪೆಟ್ಟಿಗೆ ಇದೆ. ನಾನೀಗ ಇರುವ ಬಾದಾಮಿಯ ಸಾಲಿಯಲ್ಲೂ ಇದೆ. ಒಳ್ಳೆಯದೇ, ಇರಲಿ. ಆದರೆ ಪೆಟ್ಟಿಗೆಗೆ ಮಗು ತಾನಾಗಿ ಬಂದು ಹೇಳಬೇಕು. ಇವರು ಮಗುವಿನ ಬಾಗಿಲಿಗೆ ಹೋಗಿ ಕುಳಿತರು. ಬಾಗಿಲು ತೆರೆಯಲೇ ಇಲ್ಲ ಎಂಬುದು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ.

ಅವರ ಎದೆಬಡಿತ ಒಂದು ಮುಂಜಾನೆ ನಿಂತುಹೋಯಿತು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಎರಡು ದಿನ ಬಿಟ್ಟು ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋದೆ. ಅವರ ಹೆಂಡತಿಯನ್ನು ಮಾತಾಡಿಸಿ ಹೊರಗೆ ಕಟ್ಟೆಗೆ ಬಂದರೆ, ಅಲ್ಲಿ ಒಬ್ಬ ತರುಣ ಕುಳಿತಿದ್ದ. ಎದ್ದು ನಿಂತಾಗ ಒಂದು ಕಾಲು ಎಳೆಯಿತು. ಗುರುತು ಹತ್ತಿತು. ಇಳಕಲ್ಲಿನಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತೇನೆ ಎಂದ. ನನಗೆ ಅವನ ಮೇಲೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು.

"ಸರ ಅಷ್ಟ ಸಲ ಬಂದ್ರು. ಒಮ್ಮೆರ ಹೊರಗ ಬರಬಾರದಿತ್ತೇನೋ?"

"ಬಾಗಲದ ಹಿಂದ ನಿಂತಿರತಿದ್ದೆನ್ರಿ ಅಕ್ಕೋರ. ಅವರು ಚಾ ಕುಡಿಯೂದು, ಅವ್ವನ ಕೂಡ ಮಾತಾಡೂದು, ಎದ್ದ ಹೋಗೂದು ಎಲ್ಲಾ ಕೇಳತಿದ್ದೆ."

"ಮತ್ತ?"

"ಹೊರಗ ಬಂದ್ರ ಕೇಳತಿದ್ರು, ಅವತ್ತ ಏನ ಹೇಳಾವಿದ್ದಿ ಅಂತ."

"ಹೇಳಿಬಿಡಬೇಕಿತ್ತು. ಗಾಂಜಾದ ಸುದ್ದಿ ಊರಿಗೆಲ್ಲಾ ಗೊತ್ತಾಗಿತ್ತು. ಮುಚ್ಚೂದೇನಿತ್ತು?"

ಅವನು ತಲೆ ಅಲ್ಲಾಡಿಸಿದ. "ಅವತ್ತ ನಾ ಗಾಂಜಾದ್ದು ಹೇಳಾವ ಇರಲಿಲ್ರಿ. ಅಷ್ಟ ಧೈರ್ಯ ನನಗೆಲ್ಲಿತ್ತು? ಸಂಜೀಕ ಖಣಿ ದಾರ್ಯಾಗ ನಿಂದರತೇವಿ ಅಂದಿದ್ರು ಆ ಹುಡುಗ್ರು. ಅದಕ್ಕ, ಸರ, ಇವತ್ತೊಂದಿನ ನನ್ನ ಮನೀತನ ಬಿಟ್ಟ ಬರ್ರಿ, ಅಂಜಿಕಿ ಬರಾಕತ್ತೇತಿ ಅನ್ನಾವಿದ್ದೆ. ಅಷ್ಟ್ರಿ."

ಅವನೇ ಮುಂದುವರಿಸಿದ.

"ದೊಡ್ಡ ಮಾತಾಗಿದ್ರ ಹೇಳತಿದ್ದೆ. ಇಷ್ಟ ಸಣ್ಣದಿತ್ತು ಅಂತ ಗೊತ್ತಾಗಿದ್ರ ಸರ ತಡಕೋತಿದ್ದಿಲ್ರಿ. ಅದಕ್ಕ ಬರಲಿಲ್ಲ."

ಅವನು ಬಸ್ಸಿಗೆ ಹೊರಟು ಹೋದ ಮೇಲೆ ಮಾಸ್ತರ ಹೆಂಡತಿ ಚಹಾ ಹಿಡಿದು ಬಂದರು. ಖಾಲಿ ಕಟ್ಟೆ ನೋಡಿ, "ಹೋದನೇನ್ರಿ? ಏನಂದ? ಇವರು ಕಡೀತನ ಅದನ್ನ ನೆನಸತಿದ್ರು" ಎಂದರು. ಹೇಳಬಾರದು ಎಂದುಕೊಂಡೆ. ಆದರೆ ಹೇಳದೆ ಬಿಟ್ಟ ಮಾತು ಈ ಮನೆಗೆ ಮಾಡಿದ್ದು ಸಾಕು ಅನಿಸಿತು. ಹುಡುಗ ಹೇಳಿದ್ದನ್ನು ಹಾಗೇ ಹೇಳಿದೆ.

ಅವರು ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ನನ್ನ ಮುಖವನ್ನೇ ನೋಡಿದರು.

"ಅಷ್ಟನ?" ಎಂದರು. "ಕೇಳಿದ್ರ ದಿನಾ ಬಿಟ್ಟ ಬರತಿದ್ರಲ್ರೀ ಅಕ್ಕೋರ. ದಿನಾ ಬಿಟ್ಟ ಬರತಿದ್ರು."